ಮಾಡಿದ್ದು ಯಾವುದು, ಆದದ್ದು ಯಾವುದು?

ಸಂಪಾದಕರಿಗೆ ನಮಸ್ಕಾರ.

ನಾಯಕರೊಬ್ಬರು ಅಧಿಕಾರಕ್ಕೆ ಬಂದು ವರ್ಷ ತುಂಬಿದರೆ ಸಾಕು, ಪತ್ರಿಕೆಗಳಲ್ಲಿ ‘ನಡೆದು ಬಂದ ಹಾದಿ’ ಅಂತ ತಾರೀಖುಗಳ ಪಟ್ಟಿ ಬರುತ್ತದೆ. ನಾನು ಅದನ್ನು ಕತ್ತರಿಸಿ ಇಡುವವನು. ನಮ್ಮ ಮನೆಯ ಮಹಡಿಯಲ್ಲಿ ಸರ್ಕಾರಿ ನೌಕರಿಯ ಪಿಡಿಒ, ಎಫ್‌ಡಿಎ ಪರೀಕ್ಷೆಗೆ ಓದುವ ಮೂವರು ಹುಡುಗರು ಬಾಡಿಗೆಗಿದ್ದಾರೆ, ಅವರಿಗೆ ಬೇಕಾಗುತ್ತದೆ. ಹೋದ ವಾರ ಎರಡು ಡ್ರಾಯಿಂಗ್ ಶೀಟ್ ಅಂಟಿಸಿಕೊಂಡು, ಒಬ್ಬೊಬ್ಬ ಮುಖ್ಯಮಂತ್ರಿಯ ಕಾಲದಲ್ಲಿ ಏನೇನಾಯಿತು ಅಂತ ಬರೆಯಲು ಕೂತರು. ಜಗಳ ಹತ್ತಿದ್ದು 371 (ಜೆ) ಹತ್ತಿರ, ಅಂದರೆ ನಮ್ಮ ಕಲ್ಯಾಣ ಕರ್ನಾಟಕದವರಿಗೆ ಉದ್ಯೋಗ, ಶಿಕ್ಷಣದಲ್ಲಿ ಮೀಸಲಾತಿಗೆ ದಾರಿ ಮಾಡಿದ ಸಂವಿಧಾನದ ವಿಧಿ.

ಒಬ್ಬ ಅದನ್ನು ಜಗದೀಶ ಶೆಟ್ಟರ್ ಕೆಳಗೆ ಬರೆದ. ಸಂಸತ್ತು ತಿದ್ದುಪಡಿ ಒಪ್ಪಿದ್ದು 2012ರ ಡಿಸೆಂಬರ್‌ನಲ್ಲಿ, ಆಗ ಅವರೇ ಮುಖ್ಯಮಂತ್ರಿ. ಇನ್ನೊಬ್ಬ ಬಾಣದ ಗುರುತು ಹಾಕಿ ಸಿದ್ದರಾಮಯ್ಯ ಕೆಳಗೆ ತಂದ. ಜಾರಿಗೆ ಬಂದದ್ದು 2013ರ ಅಕ್ಟೋಬರ್ 1ಕ್ಕೆ. ಮೂರನೆಯವನು, ‘ತಿದ್ದುಪಡಿ ಮಾಡಿದ್ದು ದಿಲ್ಲಿಯವರು, ಇದು ಮನಮೋಹನ್ ಸಿಂಗ್ ಪಟ್ಟಿಗೆ ಹೋಗ್ಬೇಕು’ ಅಂದ. (ಮೂವರ ಫೈಲಿನಲ್ಲೂ 371 (ಜೆ) ಸರ್ಟಿಫಿಕೇಟ್ ಇದೆ, ಅದು ಬೇರೆ ಮಾತು.)

ಕೊನೆಗೆ ನಾನು ಎರಡು ಸ್ಕೆಚ್ ಪೆನ್ ಕೊಟ್ಟೆ. ‘ಮಾಡಿದರು’ ಅಂತ ಬರೆಯಲು ಬರುವುದೆಲ್ಲ ಹಸಿರು. ‘ಆಯಿತು’ ಅಂತ ಮಾತ್ರ ಬರೆಯಬಹುದಾದದ್ದು ಕೆಂಪು. ಸಂಸತ್ತಿನ ಒಪ್ಪಿಗೆ ಶೆಟ್ಟರ್ ಕೆಳಗೆ ಕೆಂಪಾಯಿತು. 2013ರಲ್ಲಿ ರಾಜ್ಯ ಹೊರಡಿಸಿದ ನೇಮಕಾತಿ ಮೀಸಲಾತಿ ಆದೇಶ ಸಿದ್ದರಾಮಯ್ಯ ಕೆಳಗೆ ಹಸಿರಾಯಿತು.

ವಿಜಯನಗರ ಜಿಲ್ಲೆಗೂ ಇದೇ ತಕರಾರು. ಅಧಿಸೂಚನೆ ಹೊರಟದ್ದು 2021ರ ಫೆಬ್ರುವರಿಯಲ್ಲಿ, ಯಡಿಯೂರಪ್ಪ ಇದ್ದಾಗ. ಉದ್ಘಾಟನೆ ಅಕ್ಟೋಬರ್ 2ಕ್ಕೆ, ಬೊಮ್ಮಾಯಿ ಕೈಯಲ್ಲಿ. ನನ್ನ ಪ್ರಕಾರ ಸಹಿ ಬಿದ್ದ ದಿನವೇ ಪಟ್ಟಿಗೆ ಬೇಕಾದದ್ದು. ಆದರೆ ನೀವು ಅಚ್ಚು ಹಾಕುವ ಪಟ್ಟಿಗಳಲ್ಲಿ ಶಂಕುಸ್ಥಾಪನೆ, ಗುದ್ದಲಿ ಪೂಜೆಗಳದ್ದೇ ಜಾಸ್ತಿ. ನಮ್ಮ ಓಣಿಯ ಚರಂಡಿಗೆ ಎರಡು ಸಲ ಗುದ್ದಲಿ ಪೂಜೆ ಆಗಿದೆ. ಒಡೆದ ತೆಂಗಿನಕಾಯಿ ಚಿಪ್ಪು ಬಿಟ್ಟರೆ ಅಲ್ಲಿ ಬೇರೇನೂ ಬಿದ್ದಿಲ್ಲ.

ಇನ್ನು ಬಿಟ್ಟುಹೋಗುವ ವಿಷಯ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು ಕಡಿದು ಗೇಟೇ ಕೊಚ್ಚಿ ಹೋಯಿತು. ಡ್ಯಾಮು ನೋಡಿಕೊಳ್ಳುವುದು ತುಂಗಭದ್ರಾ ಮಂಡಳಿ, ಮುಖ್ಯಮಂತ್ರಿ ಪಟ್ಟಿಗೆ ಯಾಕೆ ಅಂತ ಹುಡುಗರು ಕೇಳಿದರು. ಆ ವಾರ ನಮ್ಮ ಕಡೆ ಯಾವ ಚಹಾದಂಗಡಿಗೆ ಹೋದರೂ ಒಂದೇ ಮಾತು: ಎಷ್ಟು ಟಿಎಂಸಿ ಹೋಯ್ತು, ಎಷ್ಟು ಉಳೀತು. ಭತ್ತ ಹಚ್ಚಿದವರಿಗೆ ಊಟ ಸೇರಲಿಲ್ಲ. ಅದನ್ನು ಬಿಟ್ಟು ಆ ವರ್ಷದ ಕಥೆ ಹೇಳೋದು ಹೇಗೆ? ಕೆಂಪಿನಲ್ಲಿ ಬರೆಸಿದೆ. ವಾರದಲ್ಲಿ ಸ್ಟಾಪ್‌ಲಾಗ್ (ತಾತ್ಕಾಲಿಕ ಉಕ್ಕಿನ ತಡೆ) ಕೂರಿಸಿ ನೀರು ತಡೆದದ್ದನ್ನೂ ಪಕ್ಕದಲ್ಲೇ ಬರೆಸಿದೆ. ಸರ್ಕಾರಿ ಜಾಹೀರಾತಿನಲ್ಲಿ ಇಂಥದ್ದನ್ನು ಹುಡುಕೋಕೆ ಹೋಗಲ್ಲ, ಪತ್ರಿಕೆಯಲ್ಲಾದರೂ ಸಿಗಬೇಕಲ್ವಾ?

ಮುಂದಿನ ಸಲ ಪಟ್ಟಿ ಮಾಡುವಾಗ ಎರಡು ಬಣ್ಣ ಬೇಡ, ‘ಮಾಡಿದರು’, ‘ಆಯಿತು’ ಅನ್ನುವ ಕ್ರಿಯಾಪದವನ್ನಾದರೂ ಸರಿಯಾಗಿ ಹಾಕಿ. ಸುಮ್ನೆ ತಾರೀಖಿನ ಮುಂದೆ ‘371 (ಜೆ) ಜಾರಿ’ ಅಂತ ಬರೆದರೆ ಯಾರದ್ದು ಅಂತ ತಿಳಿಯಲ್ಲ.

ನಮ್ಮ ಶೀಟಿನಲ್ಲಿ ಒಂದು ಮಾತ್ರ ಇನ್ನೂ ಬಗೆಹರಿದಿಲ್ಲ. 2010ರಲ್ಲಿ ಸಿದ್ದರಾಮಯ್ಯ ಅಕ್ರಮ ಗಣಿಗಾರಿಕೆ ವಿರುದ್ಧ ಬೆಂಗಳೂರಿನಿಂದ ಬಳ್ಳಾರಿಗೆ ಪಾದಯಾತ್ರೆ ಮಾಡಿದರು. ಆಗ ಅವರು ವಿರೋಧ ಪಕ್ಷದ ನಾಯಕರು, ಅಧಿಕಾರದ ಲೆಕ್ಕಕ್ಕೆ ಬರುವುದಿಲ್ಲ. ಅದನ್ನು ತೆಗೆದರೆ 2013ರಲ್ಲಿ ಅವರು ಮುಖ್ಯಮಂತ್ರಿ ಆದದ್ದು ಅರ್ಥ ಆಗುವುದಿಲ್ಲ. ಸದ್ಯಕ್ಕೆ ಶೀಟಿನ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದೇವೆ.

— ನಿಮ್ಮ ಓದುಗ, ಕೊಪ್ಪಳ