ಪುಟ್ಟಾ, ಇವತ್ತು ಎಷ್ಟು ಹೊತ್ತು ನಡೆದೆ?

ಪ್ರೀತಿಯ ಪುಟ್ಟಾ,

ನಿನ್ನೆ ಫೋನಿನಲ್ಲಿ ಮಾತು ಅರ್ಧಕ್ಕೇ ನಿಂತಿತು, ಅದಕ್ಕೆ ಬರೆಯುತ್ತಿದ್ದೇನೆ. ತೂಕ ಇಳಿಸುವ ಆಪರೇಷನ್ ಆಗಿ ಎರಡು ತಿಂಗಳಿಗೆ 14 ಕೆಜಿ ಇಳಿದಿದೆ ಅಂದೆ. ಕೇಳಿ ಕಣ್ಣು ತುಂಬಿ ಬಂತು. ಆದರೆ ನಡೆಯುತ್ತೀಯಾ ಅಂತ ಕೇಳಿದರೆ, "ತೂಕ ಹೇಗೂ ಇಳೀತಿದೆ ದೊಡ್ಡಮ್ಮ, ಪೂರ್ತಿ ಇಳಿದ ಮೇಲೆ ಶುರು ಮಾಡ್ತೀನಿ" ಅಂದೆಯಲ್ಲ, ಆ ಮಾತು ನನಗೆ ರಾತ್ರಿಯೆಲ್ಲ ನಿದ್ದೆ ಕೊಡಲಿಲ್ಲ.

ಯಾಕಂದ್ರೆ ಆರು ವರ್ಷದ ಹಿಂದೆ ನಾನೂ ಹಾಗೇ ಅಂದುಕೊಂಡಿದ್ದೆ. ನನ್ನದೂ ನಿನ್ನ ಹಾಗೆ ಸ್ಲೀವ್ ಆಪರೇಷನ್, ಜಠರ ಕತ್ತರಿಸಿ ಚಿಕ್ಕದು ಮಾಡುವುದು. ಎಂಟು ತಿಂಗಳಲ್ಲಿ 30 ಕೆಜಿ ಹೋಯಿತು, ಎಲ್ಲರೂ ಹೊಗಳಿದರು, ಆದರೆ ನೆಲದ ಮೇಲೆ ಕೂತರೆ ಕೈ ಊರದೆ ಏಳುವುದಕ್ಕೆ ಆಗುತ್ತಿರಲಿಲ್ಲ. ಬೇಗ ತೂಕ ಇಳಿಯುವಾಗ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ ಅಂತ ಡಾಕ್ಟರು ಆಗ ಬಿಡಿಸಿ ಹೇಳಿದರು. ಹೊಟ್ಟೆ ಚಿಕ್ಕದಾಗಿರುತ್ತದೆ, ತಿನ್ನುವುದು ಸ್ವಲ್ಪ, ಅದರಲ್ಲಿ ಪ್ರೋಟೀನ್ ಕಡಿಮೆಯಾದರೆ, ಮೇಲಿಂದ ಮೈಗೆ ಕೆಲಸವೂ ಇಲ್ಲದಿದ್ದರೆ, ಇದ್ದ ಶಕ್ತಿಯೂ ಹೋಗುತ್ತದೆ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ನಿನಗೆ ಎಷ್ಟು ಅಂತ ಡಯಟಿಷಿಯನ್ ಹತ್ತಿರ ಕೇಳಿಕೋ, ಊಟಕ್ಕೆ ಕೂತಾಗ ಮೊದಲು ಅದನ್ನೇ ತಿನ್ನು.

ಇನ್ನೊಂದು ವಿಷಯ. ಆಪರೇಷನ್ ಆದವರಲ್ಲಿ ತುಂಬಾ ಜನ ತಾವು ಈಗ ಜಾಸ್ತಿ ಓಡಾಡುತ್ತೇವೆ ಅಂತಲೇ ನಂಬಿರುತ್ತಾರೆ, ಆದರೆ ಮೈಗೆ ಯಂತ್ರ ಕಟ್ಟಿ ಅಳೆದು ನೋಡಿದರೆ ಎಷ್ಟೋ ಜನರ ಓಡಾಟ ಮೊದಲಿನಷ್ಟೇ ಇರುತ್ತದೆ. ಹಾಗಾಗಿ ಅಂದಾಜು ಬೇಡ, ಫೋನಿನಲ್ಲೇ ಹೆಜ್ಜೆ ಲೆಕ್ಕ ನೋಡು.

ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಾರದು ಅಂತ ಆಸ್ಪತ್ರೆಯಲ್ಲೇ ನಿನ್ನನ್ನು ಎಬ್ಬಿಸಿ ನಡೆಸಿದರು, ಅಲ್ವಾ? ಅದನ್ನು ಮನೆಗೆ ಬಂದು ಬಿಡಬಾರದಿತ್ತು. ಹತ್ತು ಹತ್ತು ನಿಮಿಷ, ದಿನಕ್ಕೆ ಮೂರು ಸಲ ನಡೆ, ಸಾಕು. ದಿನವೂ ಹೀಗೆ ನಡೆದರೆ ವಾರಕ್ಕೆ 150 ನಿಮಿಷ ತಾನಾಗೇ ದಾಟುತ್ತದೆ. ವಾರದಲ್ಲಿ ಎರಡು ದಿನ ಕುರ್ಚಿಯಿಂದ ಕೈ ಊರದೆ ಎದ್ದು ಕೂರು, ಗೋಡೆಗೆ ಕೈಕೊಟ್ಟು ತಳ್ಳು. ಭಾರ ಎತ್ತುವುದು ಮಾತ್ರ ಸರ್ಜನ್ ಸರಿ ಅಂದ ಮೇಲೆಯೇ. ಊಟದ ಜೊತೆ ನೀರು ಕುಡಿಯುವ ಹಾಗಿಲ್ಲವಲ್ಲ, ಅದಕ್ಕೆ ನಡುನಡುವೆ ಗುಟುಕು ಗುಟುಕಾಗಿ ಕುಡಿಯುತ್ತಿರು. ತಲೆ ಸುತ್ತಿದರೆ ಅಲ್ಲೇ ಕೂತುಬಿಡು, ಆಮೇಲೆ ಡಾಕ್ಟರಿಗೆ ಹೇಳು, ಸುಮ್ನೆ ಇರಬೇಡ: ತೂಕ ಇಳಿದ ಹಾಗೆ ನಿನ್ನ ಬಿಪಿ ಮಾತ್ರೆಯ ಹಳೇ ಡೋಸ್ ಈಗಿನ ಮೈಗೆ ಜಾಸ್ತಿ ಆಗಿರಬಹುದು. ಸುಸ್ತು ಹೋಗದೇ ಇದ್ದರೆ ಸೋಮಾರಿತನ ಅಂತ ನಿನ್ನನ್ನು ನೀನೇ ಬೈದುಕೊಳ್ಳಬೇಡ ಮಗಾ. ಕಬ್ಬಿಣ, ಬಿ12 ಕಡಿಮೆಯಾದರೂ ಹಾಗಾಗುತ್ತದೆ, ರಕ್ತ ಪರೀಕ್ಷೆ ಮಾಡಿಸು. ವಿಟಮಿನ್ ಮಾತ್ರೆಯಂತೂ ಜೀವನಪೂರ್ತಿ.

ಸಡಿಲವಾದ ಚರ್ಮ ಉಜ್ಜಿ ಉರಿಯುತ್ತದೆ ಅಂತ ನಡೆಯಲು ಹಿಂಜರಿಯುತ್ತಿದ್ದೀಯೇನೋ. ನಾನೂ ಯಾರಿಗೂ ಹೇಳದೆ ಒದ್ದಾಡಿದ್ದೆ. ಮೈಗೆ ಬಿಗಿಯಾಗಿ ಕೂರುವ ಬಟ್ಟೆ ಒಳಗೆ ಹಾಕಿಕೋ, ಎಷ್ಟೋ ಹಿತ.

ಒಂದು, ಒಂದೂವರೆ ವರ್ಷಕ್ಕೆ ತೂಕ ಇಳಿಯುವುದು ನಿಲ್ಲುತ್ತದೆ, ಆಮೇಲೆ ಸ್ವಲ್ಪ ಏರುವುದೂ ಉಂಟು. ನನಗೆ ಮೂರನೇ ವರ್ಷ 4 ಕೆಜಿ ಏರಿತು. ಆದರೆ ಅಷ್ಟರಲ್ಲಿ ನಾನು ಮೂರು ಮಹಡಿ ನಿಲ್ಲದೆ ಹತ್ತುತ್ತಿದ್ದೆ, ಉಸಿರು ಕಟ್ಟದೆ ಬಗ್ಗಿ ಚಪ್ಪಲಿ ಪಟ್ಟಿ ಹಾಕಿಕೊಳ್ಳುತ್ತಿದ್ದೆ, ಆ 4 ಕೆಜಿ ನನ್ನನ್ನು ಕುಗ್ಗಿಸಲಿಲ್ಲ. ಬರೀ ತೂಕದ ಯಂತ್ರವನ್ನೇ ನಂಬಿದ್ದರೆ ಕುಗ್ಗುತ್ತಿದ್ದೆ. ಮೈ ಹಗುರಾದಷ್ಟು ಬೇಗ ಮನಸ್ಸು ಹಗುರಾಗುವುದಿಲ್ಲ ಪುಟ್ಟಾ. ಬೇಜಾರಾದ ದಿನ ನನಗೆ ಫೋನ್ ಮಾಡು, ಎಷ್ಟು ಹೊತ್ತಾದರೂ ಸರಿ.

ಇದನ್ನು ಓದಿ ಮುಗಿಸಿ ಹತ್ತು ನಿಮಿಷ ನಡೆದು ಬಾ. ನಾಳೆಯಿಂದ ನನಗೆ ಕೆಜಿ ಬರೆಯಬೇಡ, ನಿಮಿಷ ಬರೆ.

ನಿನ್ನ ದೊಡ್ಡಮ್ಮ