ಬೇಸ್‌ಬಾಲ್: ಮೈದಾನದಲ್ಲಿ ಯಾರು ಎಲ್ಲಿ?

ಮಾನ್ಯ ಸಂಪಾದಕರೇ,

2028ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ಗೆ ಕ್ರಿಕೆಟ್ಟಿನೊಂದಿಗೆ ಬೇಸ್‌ಬಾಲ್ ಕೂಡ ಮರಳುತ್ತಿರುವುದರಿಂದ, ಕೋಲಾರ ಜಿಲ್ಲೆಯ ಮಕ್ಕಳಿಗಾಗಿ ಈ ಆಟದ ಪರಿಚಯವನ್ನು ತಮ್ಮ ಕ್ರೀಡಾಪುಟದಲ್ಲಿ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ತಂಡದಲ್ಲಿ ಒಂಬತ್ತು ಮಂದಿ. ಪಿಚರ್ 18.44 ಮೀಟರ್ ದೂರದಿಂದ ಚೆಂಡನ್ನು ನೆಲಕ್ಕೆ ಪುಟಿಸದೆ ಎಸೆಯುತ್ತಾನೆ. ಬ್ಯಾಟರ್ ಅದನ್ನು ಹೊಡೆಯದಿದ್ದರೆ ಹಿಂದೆ ಕುಕ್ಕರಗಾಲಲ್ಲಿ ಕುಳಿತ ಕ್ಯಾಚರ್ ಹಿಡಿಯುತ್ತಾನೆ. ಬ್ಯಾಟರ್ ಓಡಿ ಮುಟ್ಟಬೇಕಾದ ಮೂರು ಬೇಸ್‌ಗಳಿಗೆ (ನೆಲೆಗಳಿಗೆ) ಒಬ್ಬೊಬ್ಬ ಕಾವಲುಗಾರ, ದೂರದಲ್ಲಿ ಎಡ, ನಡು, ಬಲಕ್ಕೆ ಮೂವರು ಔಟ್‌ಫೀಲ್ಡರ್‌ಗಳು. ಎರಡನೇ ಮತ್ತು ಮೂರನೇ ಬೇಸ್ ನಡುವಿನ ಶಾರ್ಟ್‌ಸ್ಟಾಪ್ ಸ್ಥಾನವೇ ನನ್ನ ದೃಷ್ಟಿಯಲ್ಲಿ ಅತಿ ಕಠಿಣವಾದುದು. ಬಲಗೈ ಬ್ಯಾಟರ್‌ಗಳ ನೆಲಹೊಡೆತಗಳು ಹೆಚ್ಚಾಗಿ ಅತ್ತಲೇ ನುಗ್ಗುವುದರಿಂದ, ಆತ ಚೆಂಡನ್ನು ಬಾಚಿಕೊಂಡು, ಬ್ಯಾಟರ್ 27.4 ಮೀಟರ್ ಓಡಿ ಮುಟ್ಟುವುದರೊಳಗೆ ಮೊದಲ ಬೇಸ್‌ಗೆ ಗುರಿಯಿಟ್ಟು ಎಸೆಯಬೇಕು.

ಮೂರು ಸ್ಟ್ರೈಕ್‌ಗಳಾದರೆ (ಬೀಸಿ ತಪ್ಪಿದ, ಇಲ್ಲವೇ ಹೊಡೆಯಬಹುದಾದ ವಲಯದಲ್ಲಿ ಬಂದರೂ ಬಿಟ್ಟ ಎಸೆತ ಮುಂತಾದವು) ಬ್ಯಾಟರ್ ಔಟ್, ನಾಲ್ಕು ‘ಬಾಲ್’ಗಳಾದರೆ (ಆ ವಲಯದ ಹೊರಗೆ ಬಂದು, ಬ್ಯಾಟರ್ ಬೀಸದೆ ಬಿಟ್ಟ ಎಸೆತಗಳು) ಮೊದಲ ಬೇಸ್ ಆತನಿಗೆ ದಕ್ಕುತ್ತದೆ, ಮೂರು ಔಟ್‌ಗಳಾದ ಮೇಲೆ ಸರದಿ ಬದಲಾಗುತ್ತದೆ. ಮೂರೂ ಬೇಸ್ ದಾಟಿ ಬ್ಯಾಟಿಂಗ್ ಮಾಡುವ ಜಾಗದ ಹೋಮ್ ಪ್ಲೇಟ್ ಮುಟ್ಟಿದರಷ್ಟೇ ಒಂದು ರನ್.

ಕ್ರಿಕೆಟ್ಟಿನ ಕ್ಷೇತ್ರರಕ್ಷಣೆ ಬಲ್ಲ ನಮ್ಮ ಮಕ್ಕಳು ಇದನ್ನು ಬೇಗನೆ ಕಲಿಯಬಲ್ಲರು. ಕ್ರೀಡಾ ಇಲಾಖೆಯು ದೈಹಿಕ ಶಿಕ್ಷಕರಿಗೆ ಜಿಲ್ಲಾ ಕ್ರೀಡಾಂಗಣದಲ್ಲಿ ಒಂದು ತರಬೇತಿ ಶಿಬಿರವನ್ನು ಈ ಬೇಸಿಗೆಯಲ್ಲೇ ಏರ್ಪಡಿಸಲಿ.

– ಕ್ರೀಡಾಸಕ್ತ ಓದುಗ, ಕೋಲಾರ