ಸ್ಟೂಲ್‌ಗೂ ಪರ್ಮಿಷನ್ ಬೇಕಂತೆ

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಫ್ರಾನ್ಸಿನ ಹಳೇ ಚಿತ್ರಕಾರ ಜಾಕ್ ಲೂಯಿ ದಾವಿದ್‌ ರೋಮ್‌ನಲ್ಲಿ ಬರೆದ ಚಿತ್ರಗಳ ಬಗ್ಗೆ ಲೇಖನ ಓದಿದೆ. ಅವನು ನೋಡಿ ಬರೆದ ಶಿಲ್ಪಗಳ ಮುಂದೆ ಇಂದಿಗೂ ಯಾರು ಬೇಕಾದರೂ ಕೂತು ಬರೆಯಬಹುದು ಅಂತ ಕೊನೆಗೆ ಹಾಕಿದ್ದೀರಲ್ಲ, ಅದನ್ನು ಬರೆದವರು ಒಮ್ಮೆ ಹೋಗಿ ಕೂತು ತೋರಿಸಲಿ. ನಾನು ಹೋಗಿದ್ದೆ. ಗುರುವಾರವಷ್ಟೇ ಊರಿಗೆ ಬಂದೆ. ಮೊಣಕಾಲಿನ ಬಾವು ಇನ್ನೂ ಇಳಿದಿಲ್ಲ.

ಡ್ರಾಯಿಂಗ್ ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ಇದೊಂದೇ ಆಸೆ ಇತ್ತು. ಮಗಳು ಟಿಕೆಟ್ ತೆಗೆಸಿದಳು. ಮಡಚುವ ಸ್ಟೂಲ್ ಹೊತ್ತುಕೊಂಡು ರೋಮ್‌ನ ಮ್ಯೂಸಿಯಂಗೆ ಹೋದರೆ ಬಾಗಿಲಲ್ಲೇ ಕಿತ್ತಿಟ್ಟುಕೊಂಡರು. ಒಳಗೆ ಚಾರ್‌ಕೋಲ್ ತೆಗೆದೆ, ಅದೂ ಬೇಡವಂತೆ. ಪುಡಿ ಉದುರುತ್ತದಂತೆ! ನೂರಾರು ವರ್ಷ ಮಣ್ಣಲ್ಲಿ ಹೂತಿದ್ದ ಕಲ್ಲಿಗೆ ನನ್ನ ಚಾರ್‌ಕೋಲ್ ಪುಡಿಯ ಭಯ. ಪೆನ್ಸಿಲ್ ಹಿಡಿದು ನಿಂತೇ ಬರೆದೆ. ಅರ್ಧ ಮೂಗು ಬರುವಷ್ಟರಲ್ಲಿ ಟೂರಿನವರು ಬಂದರು, 'ಸರಿಯಿರಿ' ಅಂದರು.

ದಾವಿದ್‌ನನ್ನು ಯಾರಾದರೂ ಹೀಗೆ ಎಬ್ಬಿಸಿದ್ದರೇ? ಮೂರು ಸಲ ಸೋತು, 1774ರಲ್ಲಿ ರೋಮ್ ಬಹುಮಾನ, ಅಂದರೆ ಫ್ರಾನ್ಸಿನವರು ರೋಮ್‌ಗೆ ಕಲಿಯಲು ಕಳಿಸುವ ಬಹುಮಾನ, ಗೆದ್ದ ಆಸಾಮಿ. ಹಳೇ ಶಿಲ್ಪ ನನ್ನನ್ನು ಮರುಳು ಮಾಡುವುದಿಲ್ಲ, ಅದರಲ್ಲಿ ಚಲನೆಯೇ ಇಲ್ಲ ಅಂತ ಜಂಬ ಕೊಚ್ಚಿಕೊಂಡು ಹೊರಟವನು. ಅಲ್ಲಿ ಐದು ವರ್ಷ ಮಾಡಿದ್ದೇನು? ಕಲ್ಲಿನ ಶವಪೆಟ್ಟಿಗೆ, ಉಬ್ಬುಶಿಲ್ಪ, ತಲೆ, ಸೆರಗಿನ ನೆರಿಗೆ ಎಲ್ಲವನ್ನೂ ಕಪ್ಪು ಸೀಮೆಸುಣ್ಣದಲ್ಲಿ, ಶಾಯಿಯಲ್ಲಿ ಬರೆದಿದ್ದೇ ಬರೆದಿದ್ದು. ಅವನು ತೀರಿಕೊಂಡ ಮೇಲೆ 1826ರ ಮಾರಾಟಕ್ಕೆಂದು ಮಕ್ಕಳು ಅವನ್ನೆಲ್ಲ ಜೋಡಿಸಿದರೆ 12 ಆಲ್ಬಂ ಆದವು. ರೋಮ್ ಗಣರಾಜ್ಯ ಕಟ್ಟಿದ ಬ್ರೂಟಸ್‌ನದು ಅನ್ನುವ ಅಲ್ಲಿಯ ಕಂಚಿನ ತಲೆ, ಅದೇ ಬ್ರೂಟಸ್‌ನನ್ನು ಕುರಿತ 1789ರ ಅವನ ದೊಡ್ಡ ಚಿತ್ರಕ್ಕೆ ಹಾಗೇ ಬಂದು ಕೂತಿದೆ. ರೋಮ್‌ನಲ್ಲಿ ಕಣ್ಣಿನ ಪೊರೆ ತೆಗೆದ ಹಾಗಾಯಿತು ಅಂತ ದಾವಿದ್ ಆಮೇಲೆ ಹೇಳಿಕೊಂಡನಂತೆ. ನಾನಂತೂ ನಿಜವಾಗಿಯೇ ಪೊರೆ ತೆಗೆಸಿಕೊಂಡು ಹೋಗಿದ್ದೆ. ನನಗೆ ಕಂಡದ್ದು ಟೂರಿನವರ ಬೆನ್ನು!

ನಮ್ಮಲ್ಲೇನು ಕಡಿಮೆಯೇ? ಹಿಂದೆ ಒಂಬತ್ತು ಹುಡುಗರನ್ನು ಕರೆದುಕೊಂಡು ಹಳೇ ಗುಡಿಯೊಂದಕ್ಕೆ ಹೋಗಿದ್ದೆ. ಗೋಡೆಯ ಶಿಲ್ಪ ನೋಡಿ ಬರೆಯಲು ಕೂತರೆ, ಲೆಟರ್ ಎಲ್ಲಿ ಅಂದರು. ಪಕ್ಕದಲ್ಲೇ ಸೆಲ್ಫಿ ನಡೆದಿತ್ತು, ಅದಕ್ಕೆ ಲೆಟರ್ ಬೇಡ. ಆ ಆಫೀಸಿಗೆ ಹೋದರೆ ಈ ಆಫೀಸು ಅಂದರು. ಸಾಹೇಬರು ಮೀಟಿಂಗಿನಲ್ಲಿ. ಉತ್ತರ ಬಂದಾಗ ಹುಡುಗರು ಎಸ್ಸೆಸ್ಸೆಲ್ಸಿ ಮುಗಿಸಿ ಹೋಗಿದ್ದರು. ಡ್ರಾಯಿಂಗ್ ಪೀರಿಯಡ್ಡನ್ನೆಲ್ಲ ಗಣಿತಕ್ಕೆ ಕೊಟ್ಟ ಹೆಡ್‌ಮಾಸ್ತರರ ವಿಷಯ ಇನ್ನೊಂದು ಪತ್ರದಲ್ಲಿ ಬರೆಯುತ್ತೇನೆ.

ಸಂಬಂಧಪಟ್ಟವರು, ಅಲ್ಲಿಯವರಿರಲಿ ಇಲ್ಲಿಯವರಿರಲಿ, ಸ್ವಲ್ಪ ಕಣ್ಣು ಬಿಡಬೇಕು. ಸ್ಟೂಲನ್ನಾದರೂ ಒಳಗೆ ಬಿಡಲಿ. ಇಲ್ಲವೇ ನೀವು ಇಂಥ ಲೇಖನ ಹಾಕಿ ವಯಸ್ಸಾದವರಿಗೆ ಆಸೆ ಹುಟ್ಟಿಸುವುದನ್ನು ಬಿಡಿ.

ಒಬ್ಬ ನಿವೃತ್ತ ಡ್ರಾಯಿಂಗ್ ಮಾಸ್ತರ, ಧಾರವಾಡ